ಪೋರ್ಕೆರೋಲ್ ದ್ವೀಪಕ್ಕೆ ಟಿಕೆಟ್ ಕೊಳ್ಳುವ ಮೊದಲು
ದಕ್ಷಿಣ ಫ್ರಾನ್ಸಿನ ಜಿಯೆನ್ ಪರ್ಯಾಯ ದ್ವೀಪದಲ್ಲಿ ಡೇರೆ ಹಾಕಿಕೊಂಡು ಪೋರ್ಕೆರೋಲ್‌ಗೆ ಒಂದು ದಿನ ಹೋಗಿ ಬರುವವರು, ದೋಣಿಯ ಟಿಕೆಟ್ ಕೊಳ್ಳುವ ಮೊದಲು ವಾರ್ ಜಿಲ್ಲಾಡಳಿತದ ಕಾಳ್ಗಿಚ್ಚಿನ ಅಪಾಯದ ನಕ್ಷೆ ನೋಡಿ. ಬೇಸಿಗೆಯಲ್ಲಿ ಮರುದಿನದ ನಕ್ಷೆ ಹಿಂದಿನ ಸಂಜೆಯೇ ಪ್ರಕಟವಾಗುತ್ತದೆ. ದ್ವೀಪ ಕೆಂಪು ಬಣ್ಣದಲ್ಲಿದ್ದರೆ ಕಾಡಿನ ದಾರಿಗಳೆಲ್ಲ ಬಂದ್. ಊರು ಮತ್ತು ಹತ್ತಿರದ ಕೆಲವು ಕಡಲತೀರಗಳಷ್ಟೇ ಸಿಗುತ್ತವೆ, ಬಾಡಿಗೆ ಸೈಕಲ್ಲಿನ ದುಡ್ಡು ದಂಡ. ವಾಯವ್ಯದಿಂದ ಬರುವ ಮಿಸ್ಟ್ರಾಲ್ ಎಂಬ ಜೋರಾದ ಒಣಗಾಳಿ ಬೀಸಿದಾಗ ಹೀಗಾಗುವುದು ಹೆಚ್ಚು. ಮರಳು ತೀರಗಳಿರುವುದೂ ಆ ಗಾಳಿಗೆ ಮುಖ ಮಾಡಿದ ಉತ್ತರದ ಕಡೆಗೇ, ಹಾಗಾಗಿ ಈಜಿನ ಸುಖವೂ ಅಷ್ಟಕ್ಕಷ್ಟೆ. ಆದರೆ ಜುಲೈ–ಆಗಸ್ಟ್‌ನಲ್ಲಿ ಈ ಉಪಾಯ ಕೈಕೊಡಬಹುದು: ದಿನಕ್ಕೆ ಸುಮಾರು 6,000 ಪ್ರವಾಸಿಗರ ಮಿತಿಯಿರುವುದರಿಂದ ಸಂಜೆಯವರೆಗೆ ಕಾದರೆ ಟಿಕೆಟ್ಟೇ ಮುಗಿದಿರುತ್ತದೆ. ಆಗ ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ ಸಿಕ್ಕರೆ ಮುಂಚೆಯೇ ಕೊಂಡಿಡಿ.