ಆ ಒತ್ತಡ ಅಜ್ಜಿಯದಲ್ಲ, ಬಸ್ಸಿನದು

ವಯಸ್ಸಾದವರ ರಕ್ತದಲ್ಲಿ ಎಚ್‌ಎಸ್‌ಪಿ-70 ಅನ್ನೋ, ಜೀವಕೋಶ ಒತ್ತಡಕ್ಕೆ ಸಿಕ್ಕಾಗ ಮಾಡಿಕೊಳ್ಳುವ ಪ್ರೋಟೀನ್ ಎಷ್ಟಿದೆ, ಜೊತೆಗೆ ಉರಿಯೂತ ತೋರಿಸುವ ಸಿಆರ್‌ಪಿ ಎಷ್ಟಿದೆ ಅಂತ ಅಳೆಯುವ ಕೆಲಸ ನನಗೆ ಬಂದಿತ್ತು. ತೀರ್ಥಹಳ್ಳಿ ಕಡೆ ಹಳ್ಳಿಗಳಲ್ಲಿ ರಕ್ತ ತೆಗೆಯೋದು, ಶಿವಮೊಗ್ಗಕ್ಕೆ ತರೋದು. ಇಷ್ಟೇ ಅಲ್ವಾ ಅಂದುಕೊಂಡಿದ್ದೆ.

ಈ ಎಚ್‌ಎಸ್‌ಪಿಗಳ ಸುಳಿವು ಸಿಕ್ಕಿದ್ದೂ ಒಂದು ಎಡವಟ್ಟಿನಿಂದಲೇ. ಇಟಲಿಯ ಫೆರುಚ್ಚಿಯೊ ರಿಟೋಸಾ ಅವರ ಲ್ಯಾಬಿನಲ್ಲಿ ಯಾರೋ ಹಣ್ಣುನೊಣದ ಪೆಟ್ಟಿಗೆಯ ಶಾಖ ಏರಿಸಿಬಿಟ್ಟರು, ನೋಡಿದರೆ ಕ್ರೋಮೋಸೋಮಿನಲ್ಲಿ ಹೊಸ ಉಬ್ಬುಗಳು. ಅವರು ಅದನ್ನು ಬರೆದದ್ದು 1962ರಲ್ಲಿ. ಶಾಖ ತಾಗಿದಾಗ ಜೀವಕೋಶ ತನ್ನನ್ನು ಉಳಿಸಿಕೊಳ್ಳಲು ಕೆಲವು ಪ್ರೋಟೀನ್ ಮಾಡಿಕೊಳ್ಳುತ್ತದೆ ಅನ್ನೋದು ಆಮೇಲೆ ಗೊತ್ತಾಯಿತು. ಆಕಾರ ಕೆಟ್ಟ ಬೇರೆ ಪ್ರೋಟೀನುಗಳನ್ನು ಮತ್ತೆ ಸರಿಯಾಗಿ ಮಡಿಚುವುದು ಇವುಗಳ ಕೆಲಸ. ವಯಸ್ಸಾದಂತೆ ಬೇಕಾದಾಗ ಬೇಕಾದಷ್ಟು ಮಾಡಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಇತ್ತ ಮೈಯಲ್ಲಿ ಹಸಿ ಸೌದೆ ಹೊಗೆಯಾಡಿದ ಹಾಗೆ ಸಣ್ಣ ಉರಿಯೂತ ಇದ್ದೇ ಇರುತ್ತದೆ.

ಮೊದಲ ಸಲ ಹನ್ನೆರಡು ಜನರ ರಕ್ತ ತೆಗೆದು, ಟ್ಯೂಬುಗಳನ್ನು ಹಾಗೇ ಡಬ್ಬಿಗೆ ಹಾಕಿ ಬಸ್ ಹತ್ತಿದೆ. ಮಂಡಗದ್ದೆ, ಗಾಜನೂರು ದಾಟಿ ಬರುವಷ್ಟರಲ್ಲಿ ನನ್ನ ಸೊಂಟವೇ ಅಲ್ಲಾಡಿಹೋಗಿತ್ತು, ಇನ್ನು ರಕ್ತದ ಕಥೆ ಕೇಳಬೇಕಾ. ಎಲೈಸಾ ಅಂದರೆ ಬಣ್ಣ ನೋಡಿ ಪ್ರೋಟೀನ್ ಅಳೆಯುವ ಪರೀಕ್ಷೆ, ಅದರ ತಟ್ಟೆಯಲ್ಲಿ 96 ಗುಳಿ. ಕೊನೆಗೆ ಆಸಿಡ್ ಹಾಕಿದಾಗ ನೀಲಿ ಹೋಗಿ ಹಳದಿ ಬರುತ್ತದೆ, ಹಳದಿ ಗಾಢವಾದಷ್ಟೂ ಪ್ರೋಟೀನ್ ಜಾಸ್ತಿ. ಐದು ಜನರದ್ದು ಅರಿಶಿನ ಕಲಸಿದ ಹಾಗೆ ಬಂತು. ಖುಷಿಯಾಗಿ ಗೈಡಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ, ‘ಸೀರಂ ಯಾವ ಬಣ್ಣ ಇತ್ತು?’

ಸೀರಂ ಅಂದರೆ ರಕ್ತ ಹೆಪ್ಪುಗಟ್ಟಿದಾಗ ಬೇರೆಯಾಗುವ ತಿಳಿ. ತಿಳಿಹಳದಿ ಇರಬೇಕಾದ್ದು ಮುರುಗಲು ಶರಬತ್ತಿನ ಹಾಗೆ ಕೆಂಪಾಗಿತ್ತು. ಕೆಂಪು ರಕ್ತಕಣದ ಒಳಗೇ ಎಚ್‌ಎಸ್‌ಪಿ-70 ಇರುತ್ತದೆ, ಕಣ ಒಡೆದರೆ ಅದೆಲ್ಲ ಸೀರಮ್ಮಿಗೆ ಬರುತ್ತದೆ. ನಾನು ಅಳೆದದ್ದು ಬಸ್ಸಿನ ಕುಲುಕಾಟ!

ಆಮೇಲೆ ಸಣ್ಣ ಸೆಂಟ್ರಿಫ್ಯೂಜನ್ನೇ ಹೊತ್ತುಕೊಂಡು ಹೋದೆ. ಜಗಲಿಯ ಮೇಲೆ ಟ್ಯೂಬ್ ನಿಲ್ಲಿಸಿ, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಅಲ್ಲೇ ತಿರುಗಿಸಿ ಸೀರಂ ಬೇರೆ ಮಾಡಿದೆ. ಎರಡು ಸಲ ಕರೆಂಟ್ ಹೋಯಿತು, ಅದು ಬಿಡಿ. ಸೀರಮ್ಮನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಫ್ರೀಜರಿಗೆ ಹಾಕಿದರೆ ಪದೇ ಪದೇ ಕರಗಿಸುವುದು ತಪ್ಪುತ್ತದೆ. ಇನ್ನೊಂದು ಮಾತು, ತೋಟಕ್ಕೆ ಔಷಧಿ ಹೊಡೆದು ನೇರ ಬಂದವರನ್ನು ಆವತ್ತು ಕಳಿಸಿಬಿಡುತ್ತಿದ್ದೆ. ಮೈ ದಣಿದರೂ ಎಚ್‌ಎಸ್‌ಪಿ-70 ರಕ್ತದಲ್ಲಿ ಏರುತ್ತದೆ.

ಒಬ್ಬ ಅಜ್ಜಿಯ ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿತ್ತು. ಅಷ್ಟಿದ್ದರೆ ವಯಸ್ಸಿನ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಮೊದಲು ಸೋಂಕೋ ಗಾಯವೋ ಇದೆಯಾ ನೋಡಬೇಕು. ಕೇಳಿದರೆ ಕಾಲಿನ ಹುಣ್ಣು ತೋರಿಸಿದರು. ಹುಣ್ಣು ಮಾಗಿದ ಮೇಲೆ ಮತ್ತೆ ತೆಗೆದೆ, 3ರ ಕೆಳಗೆ ಇಳಿದಿತ್ತು.

‘ನಂಗೆ ಎಷ್ಟು ವರ್ಷ ಅಂತ ಬಂತು ತಮ್ಮಾ?’ ಅಂದರು.

ಅದು ಇದರಲ್ಲಿ ಬರೋದಿಲ್ಲ ಅಜ್ಜಿ ಅಂದೆ.

‘ಮತ್ತೆ ಎರಡೆರಡು ಸಲ ರಕ್ತ ಎಂತಕ್ಕೆ ತೆಗೆದಿದ್ದು ಮಾರಾಯ?’