ಬ್ಯಾಕಪ್ ಸರ್ವರ್ ಕೂರಿಸುವ ಮೊದಲಿನ ಒಂದು ವಾರ

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಭಾನುವಾರ ರಾತ್ರಿ ರ‍್ಯಾನ್ಸಮ್‌ವೇರ್ ನುಗ್ಗಿತು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಅದು. ಫೈಲ್ ಸರ್ವರ್ ಹೋಯಿತು. ಬ್ಯಾಕಪ್ ಇದೆಯಲ್ಲ ಅಂದುಕೊಂಡೆವು. ಆದರೆ ಬ್ಯಾಕಪ್ ಸರ್ವರ್ ಕೂಡ ಅದೇ ವಿಂಡೋಸ್ ಡೊಮೈನ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ಗುಂಪಿನಲ್ಲಿತ್ತು, ಅದಕ್ಕೂ ಅದೇ ಅಡ್ಮಿನ್ ಪಾಸ್‌ವರ್ಡ್. ಬೆಳಗ್ಗೆ ಹೊತ್ತಿಗೆ ಅದೂ ಇರಲಿಲ್ಲ.

ಅದಕ್ಕೇ ಈಗಿನ ಕಚೇರಿಗೆ ವೀಮ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರಿನ 13ನೇ ಆವೃತ್ತಿಯ ಸಾಫ್ಟ್‌ವೇರ್ ಅಪ್ಲೈಯನ್ಸ್, ಅಂದರೆ ಆಪರೇಟಿಂಗ್ ಸಿಸ್ಟಮ್ ಸಮೇತ ಬರುವ ರೂಪ, ಆರಿಸಿಕೊಂಡೆ. ರಾಕಿ ಲಿನಕ್ಸ್ ಮೇಲೆ ಕಟ್ಟಿದ್ದು, ಬೇಡದ್ದನ್ನೆಲ್ಲ ತೆಗೆದು ಮೊದಲೇ ಬಿಗಿ ಮಾಡಿರುತ್ತಾರೆ. ದೂರದಿಂದ ಒಳಗೆ ಹೋಗುವ ದಾರಿಯಾದ ಎಸ್‌ಎಸ್‌ಎಚ್ ಮುಚ್ಚಿರುತ್ತದೆ, ಎಲ್ಲ ಅಧಿಕಾರವಿರುವ ರೂಟ್ ಖಾತೆ ನೇರವಾಗಿ ಸಿಗುವುದಿಲ್ಲ. ಆಮೇಲೆ ಒಳಗೆ ಹೋಗಿ ಸರಿಮಾಡೋಣ ಅಂದರೆ ಇಲ್ಲಿ ಸುಲಭವಿಲ್ಲ. ಹಾಗಾಗಿ ತಯಾರಿಗೇ ಒಂದು ವಾರ ಇಟ್ಟುಕೊಂಡೆ.

ಯಂತ್ರದ ವಿಷಯ ಬೇಗ ಮುಗಿಯಿತು. 8 ಕೋರ್, 16 ಜಿಬಿ ರ‍್ಯಾಮ್, ತಲಾ 240 ಜಿಬಿಗೆ ಕಡಿಮೆಯಿಲ್ಲದ ಎರಡು ಡಿಸ್ಕ್. ಬೇರೆ ಸರ್ವರಿನೊಳಗೆ ಸಾಫ್ಟ್‌ವೇರಿನಲ್ಲೇ ಮಾಡಿದ ಕಂಪ್ಯೂಟರ್, ಅಂದರೆ ವರ್ಚುವಲ್ ಮಷೀನ್, ಸಾಕು ಅಂದವರಿದ್ದರು. ನಾನು ಒಪ್ಪಲಿಲ್ಲ. ಅದನ್ನು ನಡೆಸುವ ಹೈಪರ್‌ವೈಸರ್‌ನ ಅಡ್ಮಿನ್ ಪಾಸ್‌ವರ್ಡ್ ಕಳ್ಳನ ಕೈಗೆ ಸಿಕ್ಕರೆ, ಒಳಗೆ ಎಷ್ಟು ಬಿಗಿ ಮಾಡಿದ್ದರೂ ಇಡೀ ಮಷೀನನ್ನೇ ಅಳಿಸಿಬಿಡಬಹುದು ಅಲ್ವಾ? ಬೇರೆ ಯಂತ್ರವನ್ನೇ ಕೊಟ್ಟೆ. ಡೊಮೈನ್‌ಗೆ ಸೇರಿಸಲಿಲ್ಲ. ಡೌನ್‌ಲೋಡ್ ಮಾಡಿದ ಇನ್‌ಸ್ಟಾಲ್ ಫೈಲು (ಐಎಸ್‌ಒ) ಬದಲಾಗಿಲ್ಲ ಅಂತ ಚೆಕ್‌ಸಮ್ ಹೋಲಿಸಿ ನೋಡಿಕೊಂಡೆ. ಹೋಸ್ಟ್‌ನೇಮ್, ಐಪಿ, ಡಿಎನ್‌ಎಸ್ ಅಂತ ನೆಟ್‌ವರ್ಕ್ ವಿವರ ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟೆ.

ಜಾಸ್ತಿ ಕಾಡಿದ್ದು ಗಡಿಯಾರ. ಪರೀಕ್ಷೆಗೆ ಹಾಕಿದ ಯಂತ್ರದಲ್ಲಿ ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಕೇಳುವ, ಫೋನಿನ ಆ್ಯಪ್ ತೋರಿಸುವ ಆರಂಕಿ ಕೋಡ್ ಎಷ್ಟು ಸಲ ಹಾಕಿದರೂ ತಪ್ಪು ಅನ್ನುತ್ತಿತ್ತು. ಕೋಡ್ ಹುಟ್ಟುವುದೇ ಸಮಯದ ಲೆಕ್ಕದಲ್ಲಿ, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ನಾನು ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಭಾರತದ ಸಮಯ ಇಟ್ಟಿದ್ದೆ. ಲಿನಕ್ಸ್ ಅದನ್ನು ಯುಟಿಸಿ, ಅಂದರೆ ಜಾಗತಿಕ ಸಮಯ, ಅಂದುಕೊಂಡಿತ್ತು. ಐದೂವರೆ ಗಂಟೆ ಮುಂದೆ! ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಇದ್ದಿದ್ದರೆ ಸರಿಹೋಗುತ್ತಿತ್ತು, ಆದರೆ ಫೈರ್‌ವಾಲ್‌ನಲ್ಲಿ ಅದರ ದಾರಿಯಾದ ಯುಡಿಪಿ 123 ಪೋರ್ಟ್ ತೆರೆದಿರಲಿಲ್ಲ. ಸರ್ಕಾರದ ಎನ್‌ಐಸಿ ಅಥವಾ ಎನ್‌ಪಿಎಲ್ ಸಂಸ್ಥೆಯ ಸಮಯಕ್ಕೆ ಹೊಂದಿಸಿಕೊಳ್ಳಿ ಅಂತ ದೇಶದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲೇ ಹೇಳಿದೆ. ನಮ್ಮ ಒಳಗಿನ ಎನ್‌ಟಿಪಿ ಸರ್ವರನ್ನು ಅಲ್ಲಿಗೇ ಕಟ್ಟಿದೆ.

ಇನ್ನೊಂದು, ಎರಡನೇ ಮನುಷ್ಯ. ಇದರಲ್ಲಿ ಅಡ್ಮಿನ್ ಅಲ್ಲದೆ ಸೆಕ್ಯುರಿಟಿ ಆಫೀಸರ್ ಅಂತ ಬೇರೆ ಖಾತೆ ಇದೆ. ಅಡ್ಮಿನ್‌ಗೆ ರೂಟ್ ಬೇಕಾದರೆ ಆ ಖಾತೆಯವರು ಒಪ್ಪಬೇಕು. ಎರಡನ್ನೂ ನೀವೇ ಇಟ್ಕೊಳ್ಳಿ ಅಂದರು ಮ್ಯಾನೇಜರ್. ಬೇಡ ಅಂದೆ. ನನ್ನ ಲ್ಯಾಪ್‌ಟಾಪ್ ಒಂದು ಹೋದರೆ ಎಲ್ಲವೂ ಹೋಗುತ್ತದೆ. ಅಕೌಂಟ್ಸ್ ವಿಭಾಗದ ಮೇಡಂ ಬಳಿ ಹೋದೆ. ಬ್ಯಾಂಕ್ ಲಾಕರ್‌ಗೆ ಅವರದೊಂದು ಕೀ, ನಮ್ಮದೊಂದು ಕೀ ಇರುತ್ತಲ್ಲ ಮೇಡಂ, ಹಾಗೇ ಅಂದೆ. ತಕ್ಷಣ ಹಿಡಿದುಕೊಂಡರು. 15 ಅಕ್ಷರದ ಪಾಸ್‌ವರ್ಡನ್ನು ತಾವೇ ಯೋಚಿಸಿಕೊಂಡು ಬಂದಿದ್ದರು, ನನಗೆ ತೋರಿಸಲಿಲ್ಲ. ಅದು ನನಗೆ ತುಂಬಾ ಇಷ್ಟವಾಯಿತು.

ಶನಿವಾರ ಮಧ್ಯಾಹ್ನ ಇನ್‌ಸ್ಟಾಲ್ ಮಾಡಿದೆವು. ಕೋಡ್ ಮೊದಲ ಸಲಕ್ಕೇ ಒಪ್ಪಿತು. ಪಾಸ್‌ವರ್ಡ್ ಮರೆತರೆ ಬೇಕಾಗುವ ರಿಕವರಿ ಟೋಕನ್ ಬಂದಾಗ ಮೇಡಂ ಅದನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ ತಮ್ಮ ಕಬ್ಬಿಣದ ಬೀರುವಿನಲ್ಲಿಟ್ಟರು. ಅವರು ರಜೆ ಹಾಕಿದಾಗ ಯಾರು ಅನ್ನುವುದನ್ನು ಈ ವಾರ ಕೂತು ಮಾತಾಡಬೇಕು.