19 ವರ್ಷದ ನಂತರ ಮತ್ತೆ ಪೆನ್ನು ಹಿಡಿದೆ

ಹಾಸನದ ಒಂದು ಮೆಡಿಕಲ್ ಶಾಪಿನಲ್ಲಿ 19 ವರ್ಷ ಕೆಲಸ ಮಾಡಿದ ಮೇಲೆ ನಾನು ಬಿ.ಎ.ಗೆ ಸೇರಿದೆ. ಆಗ ನನಗೆ 38. ಪಿಯುಸಿ ಪಾಸಾದ ವರ್ಷವೇ ಅಪ್ಪ ತೀರಿಕೊಂಡಿದ್ದರು. ಓದು ಅಲ್ಲಿಗೇ ನಿಂತಿತ್ತು.

ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಹಾಗಿರಲಿಲ್ಲ. ಅದಕ್ಕೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದೆ. "ಆ ಡಿಗ್ರಿ ನಡೆಯಲ್ಲ ಕಣೋ" ಎಂದು ಹೆದರಿಸಿದವರಿದ್ದರು. ನಡುವೆ ಕೆಲವು ವರ್ಷ ಅದಕ್ಕೆ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ಮಾನ್ಯತೆ ಇರಲಿಲ್ಲ, ನಿಜ. 2018ರಲ್ಲಿ ಅದು ಮತ್ತೆ ಸಿಕ್ಕಿತು. ಯುಜಿಸಿ ವೆಬ್‌ಸೈಟಿನ ಪಟ್ಟಿಯಲ್ಲಿ ನನ್ನ ಕೋರ್ಸಿನ ಹೆಸರು ಕಣ್ಣಾರೆ ನೋಡಿಯೇ ಫೀಸು ಕಟ್ಟಿದೆ. ನೀವೂ ಹಾಗೇ ಮಾಡಿ. ಯಾರದೋ ಮಾತು ಕೇಳಿ ಸೇರುವುದೂ ಬೇಡ, ಬಿಡುವುದೂ ಬೇಡ.

ದಾಖಲೆಗಳನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ನಾನು ಪಿಯುಸಿ ಟಿಸಿ ಈಸಿಕೊಂಡಿರಲೇ ಇಲ್ಲ. ಹಳೇ ಕಾಲೇಜಿಗೆ ಮೂರು ಸಲ ಅಲೆದೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು!

ಪುಸ್ತಕ ಕೈಗೆ ಬಂದಾಗ ಓದೋದೇ ಕಷ್ಟ ಆಗುತ್ತೆ ಅಂದುಕೊಂಡಿದ್ದೆ. ಕಷ್ಟವಾದದ್ದು ಬರೆಯೋದು. ಅಂಗಡಿಯಲ್ಲಿ ಬಿಲ್ಲೆಲ್ಲ ಕಂಪ್ಯೂಟರಿನಲ್ಲೇ. ನಾನು ಕೈಯಲ್ಲಿ ಬರೆಯುತ್ತಿದ್ದದ್ದು ಮಾತ್ರೆ ಕವರಿನ ಮೇಲೆ "1-0-1" ಅಷ್ಟೇ. ಮೊದಲ ಅಸೈನ್‌ಮೆಂಟು ಎರಡು ಪುಟ ಆಗುವಷ್ಟರಲ್ಲಿ ಬೆರಳು ಸೆಟೆದುಕೊಂಡವು. ಏಳನೇ ಕ್ಲಾಸಿನ ಮಗಳು ಪಕ್ಕ ಕೂತು, "ಅಪ್ಪಾ, ಇಲ್ಲಿ ಮಹಾಪ್ರಾಣ ಬರಬೇಕು" ಎಂದು ತಿದ್ದಿದಳು. ಅವಳು ತಿದ್ದಿದ ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ರಾತ್ರಿ ಅಂಗಡಿಯಿಂದ ಬಂದು ಅರ್ಧ ಗಂಟೆ ಓದೋದು. ಬೆಳಗ್ಗೆ ಐದಕ್ಕೆ ಎದ್ದು, ಪುಸ್ತಕ ಮುಚ್ಚಿಟ್ಟು, ಅದನ್ನೇ ನನ್ನ ಮಾತಿನಲ್ಲಿ ಬರೆಯೋದು. ಮೊದಮೊದಲು 20 ನಿಮಿಷಕ್ಕೇ ಸಾಕಾಗುತ್ತಿತ್ತು. ಎರಡು ತಿಂಗಳಲ್ಲಿ ಒಂದು ಗಂಟೆ ಬರೆಯುವ ಹಾಗಾಯಿತು. ಪರೀಕ್ಷೆ ಹತ್ತಿರ ಬಂದಾಗ ಭಾನುವಾರ ಮೂರು ಗಂಟೆ ಮೇಲೇಳದೆ ಹಳೇ ಪ್ರಶ್ನೆಪತ್ರಿಕೆ ಬರೆದೆ. ಹೆಂಡತಿ ಗಡಿಯಾರ ನೋಡಿ, "ಸಾಕು, ಟೈಮಾಯ್ತು ಕೊಡ್ರೀ" ಎಂದು ಹಾಳೆ ಕಿತ್ತುಕೊಳ್ಳುತ್ತಿದ್ದಳು. ಜಾಸ್ತಿ ಓದಿದ್ದಕ್ಕಿಂತ ಇದೇ ನನ್ನನ್ನು ಪಾಸು ಮಾಡಿಸಿತು.

ಸಂಪರ್ಕ ತರಗತಿಗಳಿಗೆ, ಅಂದರೆ ಖುದ್ದಾಗಿ ಹೋಗಿ ಕೂರುವ ಪಾಠಗಳಿಗೆ, ರಜೆ ಬೇಕೆಂದು ಓನರ್ ಹತ್ತಿರ ತಿಂಗಳು ಮೊದಲೇ ಕೇಳಿದ್ದೆ. ಆ ದಿನಗಳ ಬದಲು ಹಬ್ಬಗಳಲ್ಲಿ ನಿಂತೆ.

ಒಂದು ದಿನ ಹಲ್ಮಿಡಿ ಶಾಸನದ ಪಾಠ ಓದುತ್ತಿದ್ದೆ. ಬೇಲೂರು ತಾಲ್ಲೂಕಿನ ಊರು ಅದು. ಅಲ್ಲಿಂದ ಬರುವ ಒಬ್ಬ ಅಜ್ಜಿಗೆ ಎಷ್ಟೋ ವರ್ಷದಿಂದ ಬಿಪಿ ಮಾತ್ರೆ ಕೊಡುತ್ತಿದ್ದೇನೆ. ಸುಮಾರು ಕ್ರಿ.ಶ. 450ರ ಕನ್ನಡ, 16 ಸಾಲು, ಅವರ ಊರಿನ ಕಲ್ಲಿನ ಮೇಲೆ! ಮುಂದಿನ ಸಲ ಬಂದಾಗ ಕೇಳಿಯೇಬಿಟ್ಟೆ. "ಆ ಕಲ್ಲು ಮೈಸೂರಲ್ಲೈತೆ ಕಣಪ್ಪ. ನೀನು ಓದ್ತಿದ್ದೀಯಾ ಅದ್ನ?" ಎಂದರು. ಹೌದಜ್ಜಿ ಅಂದೆ.

ಮಾರನೇ ಬೆಳಗ್ಗೆ ಪುಸ್ತಕ ಮುಚ್ಚಿಟ್ಟು ಕೂತೆ. ಒಂದೇ ಸಮ ನಾಲ್ಕು ಪುಟ ಬರೆದೆ.